ಮೂಸ್ ಬೇಟೆಗೆ ಯಾವ ತೋಟಾ? ಮೊದಲು ಗುಂಡು ಆರಿಸಿ, ಕ್ಯಾಲಿಬರ್ ಆಮೇಲೆ

ಆಗಸ್ಟ್ ಬಂತೆಂದರೆ ನನ್ನ ಫೋನಿಗೆ ಒಂದೇ ಪ್ರಶ್ನೆ ಬರುತ್ತದೆ. ಸ್ವೀಡನ್ನಿನಲ್ಲಿರುವ ಕನ್ನಡದ ಗೆಳೆಯರು ಯಾರಾದರೂ ಇಲ್ಲಿನ ಬೇಟೆಗಾರರ ಪರೀಕ್ಷೆ, ಅದೇ ಯೇಗಾರ್‌ಎಕ್ಸಾಮೆನ್, ಪಾಸ್ ಮಾಡಿರುತ್ತಾರೆ. ಹಳ್ಳಿಯ ಬೇಟೆ ತಂಡದವರು ಈ ಸಲ ಮೂಸ್ (ಇಲ್ಲಿನ ದೈತ್ಯ ಜಿಂಕೆ) ಬೇಟೆಗೆ ನಮ್ಮ ಜೊತೆ ಬಾ ಎಂದು ಕರೆದಿರುತ್ತಾರೆ. ಆಮೇಲೆ ಶುರು: "6.5 ಸಾಕಾ, ಇಲ್ಲಾ ಮ್ಯಾಗ್ನಮ್ಮೇ ಬೇಕಾ?" 6.5 ಅಂದರೆ ಸಣ್ಣ ಅಳತೆಯ ತೋಟಾ, ಮ್ಯಾಗ್ನಮ್ ಅಂದರೆ ಮದ್ದು ಜಾಸ್ತಿ ಹಿಡಿಸುವ ಜೋರಿನ ತೋಟಾ. ಇದಕ್ಕೆ ಒಂದು ಸಾಲಿನ ಉತ್ತರ ಕೊಟ್ಟರೆ ಸರಿಯಾಗುವುದಿಲ್ಲ, ಅದಕ್ಕೇ ನನಗೆ ಗೊತ್ತಿರುವುದನ್ನೆಲ್ಲ ಒಂದೇ ಕಡೆ ಬರೆದಿಡುತ್ತಿದ್ದೇನೆ.

ನಾನು ಕೊಡಗಿನವನು. ಮನೆಯಲ್ಲಿ ಕೋವಿ ನೋಡಿಕೊಂಡೇ ಬೆಳೆದೆ. ಸೆಪ್ಟೆಂಬರ್ ಮೊದಲ ವಾರ ಕೈಲ್‌ಪೊಳ್ದ್ ದಿನ ಕೋವಿಯ ನಳಿಕೆಗೆ ತೋಕ್‌ಪೂ ಹೂವು ಸಿಕ್ಕಿಸಿ ಪೂಜೆ ಮಾಡುತ್ತಿದ್ದೆವು. ಸ್ವೀಡನ್ನಿನ ಉತ್ತರ ಭಾಗದಲ್ಲಿ ಮೂಸ್ ಬೇಟೆ ಶುರುವಾಗುವುದು ಸೆಪ್ಟೆಂಬರಿನ ಮೊದಲ ಸೋಮವಾರ. ಕೆಲವು ವರ್ಷ ಎರಡೂ ಒಂದೇ ವಾರಕ್ಕೆ ಬೀಳುತ್ತವೆ, ಆ ದಿನ ನನಗೆ ಮನೆ ನೆನಪಾಗದೆ ಇರುವುದಿಲ್ಲ. ಆದರೆ ಬೇಟೆ ಕಲಿತದ್ದು ಊರಿನಲ್ಲಲ್ಲ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ಅಪರಾಧ, ಅದು ಹಾಗೇ ಇರಬೇಕು ಕೂಡ. ಇಲ್ಲಿ ಹೇಳುತ್ತಿರುವುದೆಲ್ಲ ಸ್ವೀಡನ್, ಫಿನ್‌ಲ್ಯಾಂಡ್, ಕೆನಡಾ ಥರದ ಕಡೆ ಲೈಸೆನ್ಸ್ ಮತ್ತು ಕೋಟಾ ಇಟ್ಟುಕೊಂಡು ನಡೆಯುವ ಬೇಟೆಗೆ ಮಾತ್ರ.

ಎರಡು ಪದ ಸರಿ ಮಾಡಿಕೊಳ್ಳೋಣ. ತೋಟಾ ಅಂದರೆ ಇಡೀ ಕಾರ್ಟ್ರಿಜ್: ಹಿತ್ತಾಳೆಯ ಕೇಸು, ಹಿಂದೆ ಕೇಪು, ಒಳಗೆ ಮದ್ದು, ಮುಂದೆ ಗುಂಡು. ಗುಂಡು ಅಂದರೆ ನಳಿಕೆಯಿಂದ ಹೊರಗೆ ಹೋಗುವ ಆ ತುದಿ ಮಾತ್ರ. ನಮ್ಮ ಮಾತಿನಲ್ಲಿ ಎರಡಕ್ಕೂ ಗುಂಡು ಅಂತಲೇ ಹೇಳಿಬಿಡುತ್ತೇವೆ. ಅಂಗಡಿಯಲ್ಲೂ ಹೊಸಬರು ಕ್ಯಾಲಿಬರ್, ಅಂದರೆ ನಳಿಕೆಯ ಅಳತೆ (6.5 ಥರದ್ದು ಮಿಲಿಮೀಟರಿನಲ್ಲಿ, .308 ಥರದ್ದು ಇಂಚಿನಲ್ಲಿ), ಕೇಳುತ್ತಾರೆ, ಗುಂಡು ಯಾವುದು ಅಂತ ಕೇಳುವುದೇ ಇಲ್ಲ. ಮೂಸ್ ವಿಷಯದಲ್ಲಿ ತಪ್ಪುವುದು ಇಲ್ಲೇ. ಒಂದೇ ರೈಫಲ್, ಒಂದೇ ಕ್ಯಾಲಿಬರ್, ಆದರೆ ತೋಟಾದ ಪೆಟ್ಟಿಗೆ ಬದಲಾದರೆ ಕೆಲಸವೇ ಬದಲಾಗುತ್ತದೆ.

ಪ್ರಾಣಿ ಎಂಥದ್ದು

ಮೂಸ್ ಜಿಂಕೆ ಜಾತಿಯಲ್ಲೇ ಅತಿ ದೊಡ್ಡದು. ಸ್ವೀಡಿಷ್‌ನಲ್ಲಿ ಎಲ್ಯ್ ಅನ್ನುತ್ತಾರೆ, ಬ್ರಿಟಿಷರು ಎಲ್ಕ್ ಅನ್ನುತ್ತಾರೆ. ಅಮೆರಿಕದವರು ಎಲ್ಕ್ ಅನ್ನುವುದು ಬೇರೆ ಪ್ರಾಣಿ, ಆದ್ದರಿಂದ ಅಮೆರಿಕದ ಲೇಖನ ಓದುವಾಗ ಹುಷಾರು. ಇಲ್ಲಿನ ಬೆಳೆದ ಗಂಡು ಸಲೀಸಾಗಿ 400–500 ಕಿಲೋ ತೂಗುತ್ತದೆ. ನಮ್ಮ ಕಡವೆಯನ್ನು ನೆನಪು ಮಾಡಿಕೊಂಡು ಅದರ ಹೆಚ್ಚುಕಡಿಮೆ ಎರಡರಷ್ಟು ಅಂದುಕೊಳ್ಳಿ. ಅಲಾಸ್ಕಾದ ಗಂಡುಗಳು ಇನ್ನೂ ದೊಡ್ಡವು.

ಇಷ್ಟು ದೊಡ್ಡ ಮೈ ನೋಡಿ ಜನ ದೊಡ್ಡ ತೋಟಾ ಕಡೆ ಓಡುತ್ತಾರೆ. ಆದರೆ ಮೂಸ್ ಗಟ್ಟಿ ಪ್ರಾಣಿಯಲ್ಲ, ನಿಧಾನದ ಪ್ರಾಣಿ. ಶ್ವಾಸಕೋಶಕ್ಕೆ ಸರಿಯಾಗಿ ಏಟು ಬಿದ್ದರೂ ಎಷ್ಟೋ ಸಲ ಏನೂ ಆಗದ ಹಾಗೆ ನಿಂತೇ ಇರುತ್ತದೆ. ಇಲ್ಲಾ ನಾಲ್ಕು ಹೆಜ್ಜೆ ನಡೆದು, ತಲೆ ತಗ್ಗಿಸಿ, ಆಮೇಲೆ ಬೀಳುತ್ತದೆ. ಮೊದಲ ಸಲ ನೋಡುವವರಿಗೆ ಗುರಿ ತಪ್ಪಿತೇನೋ ಅನ್ನಿಸುತ್ತದೆ. ತಪ್ಪಿರುವುದಿಲ್ಲ. ದೊಡ್ಡ ಮೈಯಲ್ಲಿ ರಕ್ತ ಜಾಸ್ತಿ, ಒತ್ತಡ ಇಳಿಯಲು ಹೊತ್ತು ಬೇಕು, ಅಷ್ಟೇ. ಹಾಗಾಗಿ ಗುಂಡು ಮಾಡಬೇಕಾದ ಕೆಲಸ ಇದು: ದಪ್ಪ ಚರ್ಮ, ಪಕ್ಕೆಲುಬು, ಕೆಲವೊಮ್ಮೆ ಭುಜದ ಮೂಳೆ ದಾಟಿ, ಎರಡೂ ಶ್ವಾಸಕೋಶ ಹರಿದು, ಸಾಧ್ಯವಾದರೆ ಆಚೆ ಪಕ್ಕದಲ್ಲಿ ಹೊರಬರಬೇಕು. ಹೊರಬಂದರೆ ನೆಲದ ಮೇಲೆ ರಕ್ತದ ಜಾಡು ಸಿಗುತ್ತದೆ. ಬ್ಲೂಬೆರಿ ಗಿಡ, ಪಾಚಿ, ಸ್ಪ್ರೂಸ್ ಮರಗಳ ಮಧ್ಯೆ ಆ ಜಾಡು ಎಷ್ಟು ಮುಖ್ಯ ಅನ್ನುವುದು ಅಕ್ಟೋಬರಿನ ಮಳೆಯಲ್ಲಿ ಒಮ್ಮೆ ಹುಡುಕಿದವರಿಗೆ ಗೊತ್ತು.

ನಿಯಮ ಏನು ಹೇಳುತ್ತದೆ

ನಾನು ಪರೀಕ್ಷೆಗೆ ಓದಿದ ನಿಯಮ ಹೀಗಿತ್ತು. ಮೂಸ್‌ಗೆ ಮೊದಲ ದರ್ಜೆಯ ತೋಟಾ ಬೇಕು. ಗುಂಡು ಕನಿಷ್ಠ 9 ಗ್ರಾಂ ಇದ್ದು 100 ಮೀಟರ್ ದೂರದಲ್ಲಿ ಕನಿಷ್ಠ 2,700 ಜೂಲ್ ಶಕ್ತಿ ಉಳಿದಿರಬೇಕು. ಇಲ್ಲವೇ 10 ಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಇದ್ದು 2,000 ಜೂಲ್ ಇರಬೇಕು. ಜೊತೆಗೆ ಗುಂಡು ಒಳಗೆ ಹೋಗಿ ಅರಳುವಂಥದ್ದಾಗಿರಬೇಕು. ಪೂರ್ತಿ ಲೋಹದ ಕವಚದ, ಸೇನೆಯ ಥರದ ಗುಂಡು ನಡೆಯುವುದಿಲ್ಲ, ಅದು ಸೂಜಿಯ ಹಾಗೆ ತೂರಿ ಹೋಗಿ ಪ್ರಾಣಿಯನ್ನು ಗಂಟೆಗಟ್ಟಲೆ ನರಳಿಸುತ್ತದೆ. ಪ್ರತಿ ಸೀಸನ್ ಮುಂಚೆ ಪರಿಸರ ಇಲಾಖೆ ನಾಟುರ್‌ವೋರ್ಡ್ಸ್‌ವೆರ್ಕೆಟ್‌ನ ಈಗಿನ ನಿಯಮವನ್ನು ನೀವೇ ಓದಿಕೊಳ್ಳಿ. ಗಡಿ ದಾಟಿ ನಾರ್ವೆಗೆ ಹೋಗುವವರು ಅಲ್ಲಿನದ್ದನ್ನು ಬೇರೆಯಾಗಿ ಓದಬೇಕು. ಕೆನಡಾದಲ್ಲಿ ಪ್ರಾಂತ್ಯಕ್ಕೊಂದು ನಿಯಮ.

ಲೆಕ್ಕ ಸುಲಭ, ಹೈಸ್ಕೂಲಿನಲ್ಲಿ ಕಲಿತದ್ದೇ: ತೂಕದ ಅರ್ಧ (ಕಿಲೋದಲ್ಲಿ), ಗುಣಿಸು ವೇಗದ ವರ್ಗ. 10.1 ಗ್ರಾಂ ಗುಂಡು 100 ಮೀಟರಿನಲ್ಲಿ ಸೆಕೆಂಡಿಗೆ 700 ಮೀಟರ್ ಹೋಗುತ್ತಿದ್ದರೆ ಸುಮಾರು 2,470 ಜೂಲ್. 2,000 ಸಾಕು, ಹಾಗಾಗಿ ಪಾಸ್. ಅದೇ 9 ಗ್ರಾಂ ಗುಂಡಿಗೆ 2,700 ಬೇಕೆಂದರೆ 100 ಮೀಟರಿನಲ್ಲಿ ಸುಮಾರು 775 ಮೀಟರ್ ವೇಗ ಉಳಿದಿರಬೇಕು. 6.5ರ ಎಷ್ಟೋ ತೋಟಾಗಳಿಗೆ ಇದು ಆಗುವುದಿಲ್ಲ. ಇದೇ ಕಾರಣಕ್ಕೆ ಇಲ್ಲಿನ ಹಿರಿಯರು 6.5ರಲ್ಲಿ 156 ಗ್ರೇನ್ ಬಿಟ್ಟು ಬೇರೆ ಮುಟ್ಟುವುದಿಲ್ಲ. ಪೆಟ್ಟಿಗೆ ಮೇಲೆ ತೂಕ ಗ್ರೇನ್‌ನಲ್ಲಿ ಬರೆದಿರುತ್ತದೆ, 15.4ರಿಂದ ಭಾಗಿಸಿದರೆ ಗ್ರಾಂ ಸಿಗುತ್ತದೆ. ವೇಗವನ್ನು ನಳಿಕೆಯ ಬಾಯಲ್ಲಿ ಇರುವಷ್ಟು ನೋಡಬೇಡಿ, 100 ಮೀಟರಿನ ಅಂಕಿ ನೋಡಿ. ನಿಮ್ಮ ರೈಫಲಿನ ನಳಿಕೆ ಗಿಡ್ಡ ಇದ್ದರೆ ಪೆಟ್ಟಿಗೆಯ ಅಂಕಿಗಿಂತ ಕಮ್ಮಿಯೇ ಬರುತ್ತದೆ ಅನ್ನುವುದೂ ಲೆಕ್ಕದಲ್ಲಿರಲಿ.

ಈಗ ಗುಂಡು

1946ರಲ್ಲಿ ಜಾನ್ ನಾಸ್ಲರ್ ಎಂಬ ಅಮೆರಿಕದ ಬೇಟೆಗಾರ ಕೆನಡಾದ ಬ್ರಿಟಿಷ್ ಕೊಲಂಬಿಯಾಕ್ಕೆ ಮೂಸ್ ಬೇಟೆಗೆ ಹೋಗಿದ್ದರು. ಕೈಯಲ್ಲಿದ್ದದ್ದು .300 ಎಚ್ ಅಂಡ್ ಎಚ್ ಮ್ಯಾಗ್ನಮ್, ಅಂದರೆ ಶಕ್ತಿಗೆ ಏನೂ ಕೊರತೆಯಿಲ್ಲ. ಎದುರಿಗಿದ್ದ ಗಂಡು ಮೂಸ್ ಮೈಗೆಲ್ಲ ಕೆಸರು ಮೆತ್ತಿಕೊಂಡಿತ್ತು. ಹೊಡೆದ ಗುಂಡುಗಳು ಭುಜದಲ್ಲೇ ಒಡೆದುಹೋದವು, ಆಳಕ್ಕೆ ಇಳಿಯಲೇ ಇಲ್ಲ. ವೇಗ ಜಾಸ್ತಿ, ಗುಂಡು ಮೆತ್ತಗೆ, ಹಾಗಾಗಿ ಒಳಗೆ ಹೋಗುವ ಮೊದಲೇ ಪುಡಿ. ಅವರು ಮನೆಗೆ ಬಂದು ಎರಡು ಕೋಣೆಯ ಗುಂಡು ಮಾಡಿದರು: ಮುಂದಿನ ಕೋಣೆ ಅರಳುತ್ತದೆ, ನಡುವೆ ಲೋಹದ ಗೋಡೆ, ಹಿಂದಿನ ಕೋಣೆ ಒಡೆಯದೆ ಆಳಕ್ಕೆ ನುಗ್ಗುತ್ತದೆ. ಅದೇ 1948ರಿಂದ ಮಾರಾಟಕ್ಕೆ ಬಂದ ಪಾರ್ಟಿಶನ್ ಗುಂಡು, ಇವತ್ತಿಗೂ ಸಿಗುತ್ತದೆ. ಮ್ಯಾಗ್ನಮ್ ತೋಟಾದಲ್ಲೂ ತಪ್ಪು ಗುಂಡು ಕೂರಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ನಾನೇ ಕಂಡದ್ದೂ ಒಂದಿದೆ. ನನ್ನ ಎರಡನೇ ವರ್ಷ, ತಂಡದ ಒಬ್ಬರು ಸಣ್ಣ ಜಿಂಕೆಗೆಂದು ಇಟ್ಟಿದ್ದ ಮೆತ್ತನೆಯ, ಬೇಗ ಒಡೆಯುವ ಗುಂಡನ್ನೇ ಮೂಸ್‌ಗೆ ಹಾಕಿದರು. ಕ್ಯಾಲಿಬರ್ .30-06, ದೂರ 50 ಮೀಟರ್ ಇರಬಹುದು. ಏಟು ಭುಜದ ಮೂಳೆಗೆ ಬಿತ್ತು. ಹೊರಬಂದ ಗಾಯ ಇಲ್ಲ, ರಕ್ತ ಇಲ್ಲ. ನಾಯಿ ತಂದು ಹುಡುಕಿ, ಆ ಹೆಣ್ಣು ಮೂಸನ್ನು ಮುಗಿಸುವಷ್ಟರಲ್ಲಿ ಮೂರು ಗಂಟೆ. ಭುಜದ ಮಾಂಸದಲ್ಲಿ ಸೀಸದ ಚೂರು ತುಂಬಿಹೋಗಿತ್ತು. ಆ ಮೂರು ಗಂಟೆ ನಾನು ಮರೆಯುವುದಿಲ್ಲ.

ಅಂಗಡಿಯಲ್ಲಿ ನಿಮಗೆ ಮುಖ್ಯವಾಗಿ ಮೂರು ಥರದ ಗುಂಡು ಕಾಣುತ್ತವೆ. ಹಳೇ ಥರದ್ದು, ಸೀಸದ ತಿರುಳು, ಮೇಲೆ ತಾಮ್ರದ ಕವಚ, ಎರಡೂ ಸುಮ್ನೆ ಒಂದರೊಳಗೊಂದು ಕೂತಿರುತ್ತವೆ. ಭಾರದ ಗುಂಡು, ನಿಧಾನದ ತೋಟಾ ಆದರೆ ಇದೂ ಚೆನ್ನಾಗಿ ಕೆಲಸ ಮಾಡುತ್ತದೆ, ನೂರು ವರ್ಷ ಮಾಡಿದೆ. ಎರಡನೆಯದು ಬಾಂಡೆಡ್: ತಿರುಳನ್ನೂ ಕವಚವನ್ನೂ ಬೆಸೆದಿರುತ್ತಾರೆ, ಅರಳಿದ ಮೇಲೂ ಬಿಟ್ಟುಹೋಗುವುದಿಲ್ಲ, ತೂಕದ ಬಹುಪಾಲು ಉಳಿಸಿಕೊಂಡು ಆಚೆ ಪಕ್ಕ ಸೇರುತ್ತದೆ. ಸ್ವೀಡನ್ನಿನ ವೆರ್ಮ್‌ಲ್ಯಾಂಡ್‌ನಲ್ಲಿರುವ ನಾರ್ಮಾ ಕಂಪನಿಯ ಓರಿಕ್ಸ್ ಈ ಜಾತಿಯದ್ದು, ಇಲ್ಲಿನ ತಂಡಗಳಲ್ಲಿ ನೀವು ತುಂಬಾ ನೋಡುತ್ತೀರಿ. ಹೊಸಬರು ಕಣ್ಣು ಮುಚ್ಚಿ ಆರಿಸಬಹುದಾದ ಜಾತಿ ಇದು.

ಮೂರನೆಯದು ಸೀಸವೇ ಇಲ್ಲದ ತಾಮ್ರದ ಗುಂಡು. ಫಿನ್‌ಲ್ಯಾಂಡಿನ ಲಾಪುವಾ ನ್ಯಾಚುರಾಲಿಸ್, ಅಮೆರಿಕದ ಬಾರ್ನ್ಸ್ ಟಿಎಸ್‌ಎಕ್ಸ್ ಈ ಸಾಲಿನವು. ನನ್ನ ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ವರ್ಷವಿಡೀ ನಾವು ತಿನ್ನುವ ಕೆಂಪು ಮಾಂಸ ಈ ಮೂಸ್‌ನದ್ದೇ, ಹಾಗಾಗಿ ನಾನು ತಾಮ್ರಕ್ಕೆ ಬದಲಾಯಿಸಿಕೊಂಡೆ. ಸೀಸದ ಗುಂಡು ಬಳಸುವವರಿಗೆ ಇಲ್ಲಿನ ಆಹಾರ ಇಲಾಖೆ ಹೇಳುವುದು, ಗಾಯದ ಸುತ್ತ ಹಾಳಾಗಿ ಕಾಣುವ ಮಾಂಸದಿಂದಾಚೆ ಇನ್ನೂ 10 ಸೆಂಟಿಮೀಟರ್ ಕತ್ತರಿಸಿ ಬಿಸಾಡಿ ಎಂದು. ಸೀಸದ ಪುಡಿ ಕಣ್ಣಿಗೆ ಕಾಣುವುದಿಲ್ಲ. ಬಸುರಿಯರು, ಮಕ್ಕಳು ಇರುವ ಮನೆಯವರು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ತಾಮ್ರಕ್ಕೂ ಅದರದ್ದೇ ಆದ ಗುಣಗಳಿವೆ. ಸೀಸಕ್ಕಿಂತ ಹಗುರ ಲೋಹ, ಹಾಗಾಗಿ ಅದೇ ತೂಕ ಬೇಕೆಂದರೆ ಗುಂಡು ಉದ್ದ ಆಗುತ್ತದೆ, ಉದ್ದದ ಗುಂಡನ್ನು ನೆಟ್ಟಗೆ ಹಾರಿಸಲು ನಳಿಕೆಯೊಳಗೆ ಗುಂಡನ್ನು ತಿರುಗಿಸುವ ಸುರುಳಿ ಗೆರೆ ಬಿಗಿಯಾಗಿರಬೇಕು. 6.5ರಲ್ಲಿ ತಾಮ್ರದ ಗುಂಡುಗಳು ಹೆಚ್ಚಾಗಿ 9 ಗ್ರಾಂಗಿಂತ ಹಗುರವೇ ಇರುತ್ತವೆ, ಮೇಲೆ ಹೇಳಿದ ಲೆಕ್ಕದಲ್ಲಿ ಅವು ಮೂಸ್‌ಗೆ ಬರುವುದಿಲ್ಲ. ತಾಮ್ರ ಬೇಕೇ ಬೇಕು ಅಂದರೆ .308 ಅಥವಾ ಅದರ ಮೇಲಕ್ಕೆ ಹೋಗುವುದು ಸಲೀಸು. ಇನ್ನೊಂದು, ತಾಮ್ರ ಅರಳಲು ವೇಗ ಬೇಕು. ಕಾಡಿನಲ್ಲಿ 50–100 ಮೀಟರಿಗೆ ತೊಂದರೆಯೇ ಇಲ್ಲ. ದೂರದ ಹೊಡೆತಕ್ಕೆ, ನಿಧಾನದ ತೋಟಾಕ್ಕೆ ಮಾತ್ರ ಯೋಚಿಸಬೇಕು. ಮತ್ತೆ, ತಾಮ್ರ ಬಹುಪಾಲು ಆಚೆ ತೂರಿಯೇ ಹೋಗುತ್ತದೆ. ನಾಯಿ ಮೂಸನ್ನು ತಡೆದು ನಿಲ್ಲಿಸಿ ಬೊಗಳುತ್ತಿರುವಾಗ ಆ ನಾಯಿ ಆಚೆ ಪಕ್ಕದಲ್ಲಿದೆಯಾ ಅಂತ ನೋಡದೆ ಟ್ರಿಗರ್ ಮುಟ್ಟಲೇಬೇಡಿ.

ಕ್ಯಾಲಿಬರ್

6.5×55. ನಳಿಕೆಯ ಒಳ ಅಗಲ ಸುಮಾರು 6.5 ಮಿಲಿಮೀಟರ್, ಕೇಸಿನ ಉದ್ದ 55. 1890ರ ದಶಕದಲ್ಲಿ ಸ್ವೀಡನ್ ಮತ್ತು ನಾರ್ವೆ ಒಟ್ಟಿಗೆ ಸೇನೆಗೆಂದು ಮಾಡಿದ್ದು. ಅಮೆರಿಕದ ಬರಹ ಓದಿ ಬಂದವರಿಗೆ ಇದು ಮೂಸ್‌ಗೆ ಆಟಿಕೆ ಅನ್ನಿಸುತ್ತದೆ. ಆದರೆ ಸ್ವೀಡನ್ನಿನಲ್ಲಿ 1982ರಲ್ಲಿ, ಒಂದೇ ವರ್ಷದಲ್ಲಿ, 1,70,000ಕ್ಕೂ ಜಾಸ್ತಿ ಮೂಸ್ ಹೊಡೆದಿದ್ದರು, ಅದರಲ್ಲಿ ಈ ತೋಟಾ ಹಾಕುವ ಸೇನೆಯ ಹಳೇ ಮೌಸರ್ ರೈಫಲ್‌ಗಳ ಪಾಲು ಸಣ್ಣದಲ್ಲ. ಗುಟ್ಟು ಏನೆಂದರೆ 10.1 ಗ್ರಾಂನ ಆ ಗುಂಡು ಸಣ್ಣ ದಪ್ಪಕ್ಕೆ ತುಂಬಾ ಉದ್ದ. ಉದ್ದನೆಯ ಮೊಳೆ ಹೇಗೆ ಮರದಲ್ಲಿ ನೆಟ್ಟಗೆ ಇಳಿಯುತ್ತದೋ ಹಾಗೆ. ಒದೆತ ಕಮ್ಮಿ, ಹಾಗಾಗಿ ಜನ ಇದರಲ್ಲಿ ಚೆನ್ನಾಗಿ ಗುರಿ ಹೊಡೆಯುತ್ತಾರೆ. ಮೈಗೆ ಸಣ್ಣವರು, ಒದೆತಕ್ಕೆ ಅಂಜುವವರು ನಾಚಿಕೆಯಿಲ್ಲದೆ ಇದನ್ನೇ ತೆಗೆದುಕೊಳ್ಳಿ, 156 ಗ್ರೇನ್ ಬಾಂಡೆಡ್ ಹಾಕಿ.

.308 ವಿಂಚೆಸ್ಟರ್ 1952ರದ್ದು, .30-06 ಹೆಸರಲ್ಲೇ ಇರುವ ಹಾಗೆ 1906ರದ್ದು. ಎರಡರಲ್ಲೂ 11.7 ಗ್ರಾಂ, ಅಂದರೆ 180 ಗ್ರೇನ್ ಗುಂಡು ಹಾಕಿದರೆ 100 ಮೀಟರಿನಲ್ಲಿ ಸುಮಾರು 3,000 ಜೂಲ್ ಅಥವಾ ಸ್ವಲ್ಪ ಮೇಲೆ. ಇವೆರಡರ ನಡುವಿನ ವ್ಯತ್ಯಾಸ ಮೂಸ್‌ಗೆ ಗೊತ್ತಾಗುವುದಿಲ್ಲ. ತೋಟಾ ಎಲ್ಲಾ ಅಂಗಡಿಯಲ್ಲೂ ಸಿಗುತ್ತದೆ, ಅಭ್ಯಾಸಕ್ಕೆ ಅಗ್ಗದ್ದೂ ಸಿಗುತ್ತದೆ, ತಾಮ್ರದ ಗುಂಡಿನಲ್ಲೂ ಬೇಕಾದಷ್ಟು ಆಯ್ಕೆ. ಒಂದೇ ಒಂದು ರೈಫಲ್ ಇಟ್ಟುಕೊಳ್ಳುವವರಿಗೆ ನನ್ನ ಉತ್ತರ .308. ನಾನು ಬಳಸುವುದೂ ಅದನ್ನೇ.

9.3×62 ಬರ್ಲಿನ್ನಿನ ಕೋವಿ ಕಮ್ಮಾರ ಓಟ್ಟೋ ಬಾಕ್ 1905ರಲ್ಲಿ ಮಾಡಿದ್ದು, ಆಫ್ರಿಕಾದಲ್ಲಿದ್ದ ಜರ್ಮನ್ನರಿಗಾಗಿ. 18.5 ಗ್ರಾಂನ ದಪ್ಪ ಗುಂಡು, ವೇಗ ಜಾಸ್ತಿಯಿಲ್ಲ. ದೊಡ್ಡ ರಂಧ್ರ, ಒಳ್ಳೆಯ ರಕ್ತದ ಜಾಡು, ವೇಗ ಕಮ್ಮಿ ಇರುವುದರಿಂದ ಮಾಂಸವೂ ಅಷ್ಟೊಂದು ಹಾಳಾಗುವುದಿಲ್ಲ. ನಾಯಿ ಹಿಂದೆ ದಟ್ಟ ಪೊದೆಯೊಳಗೆ ನಡೆಯುವವರು ಇದನ್ನು ತುಂಬಾ ಇಷ್ಟಪಡುತ್ತಾರೆ. ಒದೆತ ಇದೆ, ಆದರೆ ಚುರುಕಿನ ಹೊಡೆತವಲ್ಲ, ತಳ್ಳಿದ ಹಾಗೆ.

.300 ವಿಂಚೆಸ್ಟರ್ ಮ್ಯಾಗ್ನಮ್, .338 ವಿಂಚೆಸ್ಟರ್ ಮ್ಯಾಗ್ನಮ್ ಇಂಥವಕ್ಕೆ ಅಲಾಸ್ಕಾದಲ್ಲಿ ಅರ್ಥವಿದೆ. ಅಲ್ಲಿ ಬಯಲು ದೊಡ್ಡದು, ಪ್ರಾಣಿ ದೊಡ್ಡದು, ಹೊಡೆದ ಮೂಸ್ ಹತ್ತಿರ ಕಂದು ಕರಡಿ ಬರುವುದೂ ಉಂಟು. ಸ್ವೀಡನ್ನಿನ ಕಾಡಿನಲ್ಲಿ ಗೋಪುರ ಹತ್ತಿ ಕೂತು, ನಮ್ಮೂರ ಹಳಬರು ಮರಸು ಕೂರುತ್ತಿದ್ದರಲ್ಲ ಹಾಗೆ, 60 ಮೀಟರಿಗೆ ಹೊಡೆಯಲು ಇದು ಬೇಡ.

ಕೆನಡಾದ ಗೆಳೆಯರಿಗೆ ಒಂದು ಮಾತು. ಅಲ್ಲಿ ಹಳೇ ಲೀ-ಎನ್‌ಫೀಲ್ಡ್ .303 ಇನ್ನೂ ಓಡಾಡುತ್ತಿದೆ, ನಮ್ಮ ಪೊಲೀಸರ ಹೆಗಲ ಮೇಲೆ ನೋಡಿದ್ದೆವಲ್ಲ ಅದೇ ತ್ರೀ ನಾಟ್ ತ್ರೀ. 180 ಗ್ರೇನ್ ಅರಳುವ ಗುಂಡು ಹಾಕಿದರೆ ಕಾಡಿನ ದೂರಕ್ಕೆ ಮೂಸ್‌ಗೆ ಇವತ್ತಿಗೂ ಸಾಕು. .30-30 ಲಿವರ್ ರೈಫಲ್ ಕೂಡ ಪೂರ್ವ ಕೆನಡಾದಲ್ಲಿ ಬಹಳ ಮೂಸ್ ಹೊಡೆದಿದೆ, ಆದರೆ ಅದರ ಸಾಮಾನ್ಯ ತೋಟಾ 100 ಮೀಟರಿನಲ್ಲಿ 2,000 ಜೂಲ್ ಮುಟ್ಟುವುದಿಲ್ಲ. ಬಳಸಲೇಬೇಕಾದರೆ ತೀರಾ ಹತ್ತಿರದಿಂದ ಮಾತ್ರ ಹೊಡೆಯಿರಿ.

ಒದೆತ, ಅಭ್ಯಾಸ, ಗುರಿ

ಒದೆತಕ್ಕೆ ಹೆದರುವ ದೇಹ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತದೆ. ಇದು ಧೈರ್ಯದ ವಿಷಯವಲ್ಲ, ಎಲ್ಲರಿಗೂ ಆಗುತ್ತದೆ. ಕೊಳ್ಳುವ ಮೊದಲು ಶೂಟಿಂಗ್ ರೇಂಜಿನಲ್ಲಿ ಬೇರೆಯವರ ರೈಫಲ್ ಕೇಳಿ ಹೊಡೆದು ನೋಡಿ. ಇಲ್ಲಿನವರು ಕೇಳಿದರೆ ಕೊಡುತ್ತಾರೆ, ಅವರ ಎದುರಿಗೇ. ಹತ್ತು ತೋಟಾ ಆದ ಮೇಲೂ ನಿಮ್ಮ ಗುಂಡುಗಳು ಅಂಗೈ ಅಗಲದಲ್ಲೇ ಬೀಳುತ್ತಿವೆಯಾ? ಹಾಗಾದರೆ ಅದು ನಿಮ್ಮ ಕ್ಯಾಲಿಬರ್. ಪರೀಕ್ಷೆಯಲ್ಲಿ 80 ಮೀಟರಿಗೆ ಓಡುವ ಮೂಸ್ ಚಿತ್ರಕ್ಕೆ ಹೊಡೆಯುತ್ತೀರಲ್ಲ, ಪಾಸಾದ ಮೇಲೆ ಅದನ್ನು ಬಿಡಬೇಡಿ. ಪ್ರತಿ ಬೇಸಿಗೆ ಹೋಗಿ.

ಗುರಿ ಇಡುವ ಜಾಗ: ಪ್ರಾಣಿ ಅಡ್ಡ ನಿಂತಿರುವಾಗ ಮುಂಗಾಲಿನ ಹಿಂಬದಿಯ ಗೆರೆಯನ್ನೇ ಮೇಲಕ್ಕೆ ಹಿಡಿದು, ಮೈಯ ಎತ್ತರದ ಮಧ್ಯಕ್ಕಿಂತ ಸ್ವಲ್ಪ ಕೆಳಗೆ. ಅಲ್ಲಿ ಒಂದು ದೊಡ್ಡ ತಪ್ಪಲೆಯ ಬಾಯಿಯಷ್ಟು ಜಾಗ ಇದೆ. ಹೊಸಬರು ತಪ್ಪುವುದು ಮೇಲಕ್ಕೆ. ಮೂಸ್‌ಗೆ ಭುಜದ ಮೇಲೆ ಡುಬ್ಬ ಇದೆ, ಅದನ್ನೂ ಸೇರಿಸಿ ಮಧ್ಯ ಹುಡುಕಿದರೆ ಗುಂಡು ಬೆನ್ನುಮೂಳೆಯ ಹತ್ತಿರ ಹೋಗಿಬಿಡುತ್ತದೆ. ಹಿಂದಿನಿಂದ, ಎದುರಿನಿಂದ ಹೊಡೆಯಬೇಡಿ. ತಲೆಗಂತೂ ಬೇಡವೇ ಬೇಡ. ಹೊಡೆದ ಕೂಡಲೇ ಮುಂದಿನ ತೋಟಾ ಒಳಗೆ ಹಾಕಿ, ಪ್ರಾಣಿ ಇನ್ನೂ ನಿಂತಿದ್ದರೆ, ಹಿಂದೆ ಮಣ್ಣಿನ ದಿಬ್ಬ ಇದ್ದರೆ, ಮತ್ತೊಂದು ಹೊಡೆಯಿರಿ. ಮಾಂಸ ಹಾಳಾಗುತ್ತದೆ ಅಂತ ಎರಡನೆಯದನ್ನು ಉಳಿಸುವುದು ತಪ್ಪು.

ಬಿದ್ದದ್ದು ಕಾಣದಿದ್ದರೆ ಗೋಪುರದಿಂದ ಇಳಿದು ಓಡಬೇಡಿ. ರೇಡಿಯೋದಲ್ಲಿ ತಂಡದ ನಾಯಕರಿಗೆ ಹೇಳಿ, ಮೂಸ್ ನಿಂತಿದ್ದ ಜಾಗವನ್ನು ಒಂದು ಮರ ಗುರುತಿಟ್ಟು ನೆನಪಿಟ್ಟುಕೊಳ್ಳಿ. ಸ್ವೀಡನ್ನಿನಲ್ಲಿ ಜಾಡು ಹಿಡಿಯುವ ನಾಯಿ ಎರಡು ಗಂಟೆಯೊಳಗೆ ಆ ಜಾಗಕ್ಕೆ ಬರುವ ವ್ಯವಸ್ಥೆ ಇರಲೇಬೇಕು. ನೀವು ಅಲ್ಲೆಲ್ಲ ತುಳಿದಾಡಿದರೆ ಅದರ ಕೆಲಸ ಕಷ್ಟವಾಗುತ್ತದೆ.

ಕೊನೆಗೆ ಕೊಳ್ಳುವ ಕ್ರಮ. ಆರಿಸಿದ ಕ್ಯಾಲಿಬರಿನಲ್ಲಿ ಎರಡು ಬೇರೆ ಗುಂಡಿನ ಪೆಟ್ಟಿಗೆ ತನ್ನಿ, ಒಂದೊಂದರಲ್ಲೂ 20 ತೋಟಾ ಇರುತ್ತದೆ. ಎರಡನ್ನೂ 100 ಮೀಟರಿಗೆ ಹೊಡೆದು ನಿಮ್ಮ ನಳಿಕೆಗೆ ಯಾವುದು ಒಗ್ಗುತ್ತದೆ ನೋಡಿ, ಒಂದೇ ತೂಕದ ಎರಡು ಗುಂಡು ಕೂಡ ಬೇರೆ ಬೇರೆ ಕಡೆ ಬೀಳುತ್ತವೆ. ಒಗ್ಗಿದ್ದರ ಮೇಲೆ ಸ್ಕೋಪ್ ಹೊಂದಿಸಿ, ಅದೇ ಲಾಟ್ ನಂಬರಿನ (ಒಂದೇ ಸಲಕ್ಕೆ ತಯಾರಾದ) ಇನ್ನೂ ಎರಡು ಪೆಟ್ಟಿಗೆ ತಂದು ತಿಜೋರಿಯಲ್ಲಿಡಿ. ಉಳಿದ ಇನ್ನೊಂದು ಜಾತಿಯ ತೋಟಾ ಬೇಟೆಯ ಜಾಕೆಟ್ಟಿನ ಜೇಬಿಗೆ ಅಪ್ಪಿತಪ್ಪಿಯೂ ಸೇರಬಾರದು. ಹೋಗುವ ಹಿಂದಿನ ರಾತ್ರಿ ಜೇಬು ಪೂರ್ತಿ ಖಾಲಿ ಮಾಡಿ, ಹತ್ತು ತೋಟಾ ಎಣಿಸಿ, ಒಂದೊಂದರ ಹಿಂಬದಿಯ ಅಕ್ಷರ ಓದಿ, ಮುಂದಿನ ಗುಂಡನ್ನೂ ನೋಡಿ ಒಳಗೆ ಹಾಕಿಕೊಳ್ಳಿ.